ಫಾರ್ಮಿಂಗ್ಟನ್ ಹಿಲ್ಸ್‌ನ ಮೂಲಪತ್ರಗಳು

ಅಮೆರಿಕದ ಮಿಷಿಗನ್ ರಾಜ್ಯದ ಫಾರ್ಮಿಂಗ್ಟನ್ ಹಿಲ್ಸ್ ನಗರದಲ್ಲಿ ಮನೆ-ನಿವೇಶನದ ಕಾಗದಗಳು ಶುರುವಾಗುವುದು ಬೀದಿಯ ಹೆಸರಿನಿಂದಲ್ಲ, ‘ಟೌನ್ 1 ನಾರ್ತ್, ರೇಂಜ್ 9 ಈಸ್ಟ್’ ಎಂಬ ಗುರುತಿನಿಂದ. ಅದರ ಬೆನ್ನಿಗೇ 1ರಿಂದ 36ರೊಳಗಿನ ಒಂದು ಸೆಕ್ಷನ್ ಸಂಖ್ಯೆ, ಆಮೇಲೆ ಬಡಾವಣೆಯ ಹೆಸರು, ಕೊನೆಗೆ ಲಾಟ್ ಸಂಖ್ಯೆ. ನಮ್ಮಲ್ಲಿ ಸರ್ವೆ ನಂಬರು, ಹಿಸ್ಸಾ ಇದ್ದ ಹಾಗೆ. ಈಗ ಹುಲ್ಲುಹಾಸಿನ ಮನೆಗಳೂ ಕಂಪನಿಗಳ ಕಚೇರಿಗಳೂ ತುಂಬಿರುವ ಈ ನೆಲಕ್ಕೆ ಆ ಗುರುತು ಬಿದ್ದದ್ದು ಇಲ್ಲಿ ಓಕ್, ಬೀಚ್, ಮೇಪಲ್ ಮರಗಳ ದಟ್ಟ ಕಾಡಿದ್ದ ಕಾಲದಲ್ಲಿ. ಕಾಡು ಕಡಿದು ಮೊದಲು ನೆಲೆಯೂರಿದ ಕುಟುಂಬಗಳ ವಂಶಾವಳಿಯನ್ನು ಇಂದಿಗೂ ಹುಡುಕಿ ತೆಗೆಯಲು ಆಗುವುದು ಈ ಗುರುತಿನ ಬಲದಿಂದಲೇ. ಈ ಭಾಗದಲ್ಲಿ ಹುಟ್ಟು-ಸಾವಿನ ಲೆಕ್ಕ ಇಡುವುದಕ್ಕೆ ಎಷ್ಟೋ ಮುಂಚೆ ನೆಲದ ಲೆಕ್ಕ ಶುರುವಾಯಿತು. ಜನರ ಹೆಸರುಗಳು ಆ ನೆಲದ ಲೆಕ್ಕಕ್ಕೆ ಅಂಟಿಕೊಂಡು ಉಳಿದುಬಂದವು.

ಆದ್ದರಿಂದ ಮೊದಲು ನೆಲವನ್ನು ಅಳೆದ ಬಗೆ ತಿಳಿಯಬೇಕು. ಮಿಷಿಗನ್ ಅಳತೆ 1815ರಲ್ಲಿ ಆರಂಭವಾಯಿತು. ಉತ್ತರ-ದಕ್ಷಿಣವಾಗಿ ಒಂದು ಗೆರೆ, ಪೂರ್ವ-ಪಶ್ಚಿಮವಾಗಿ ಇನ್ನೊಂದು ಗೆರೆ. ಇವೆರಡರಿಂದ ಇಡೀ ಪ್ರಾಂತ್ಯವನ್ನು ಆರು ಮೈಲಿ ಉದ್ದ, ಆರು ಮೈಲಿ ಅಗಲದ ಚೌಕಗಳಾಗಿ ಒಡೆದರು. ಒಂದೊಂದು ಚೌಕ ಒಂದು ಟೌನ್‌ಶಿಪ್. ಮೂಲ ಗೆರೆಗಳಿಂದ ಉತ್ತರಕ್ಕೆ ಮೊದಲನೆಯ, ಪೂರ್ವಕ್ಕೆ ಒಂಬತ್ತನೆಯ ಚೌಕವೇ ‘ಟೌನ್ 1 ನಾರ್ತ್, ರೇಂಜ್ 9 ಈಸ್ಟ್’. ಅದರೊಳಗೆ ಒಂದು ಚದರ ಮೈಲಿಯ, ಅಂದರೆ 640 ಎಕರೆಯ 36 ಸೆಕ್ಷನ್‌ಗಳು. ಈಶಾನ್ಯ ಮೂಲೆಯಲ್ಲಿ 1 ಎಂದು ಶುರುಮಾಡಿ ಪಶ್ಚಿಮಕ್ಕೆ 6ರವರೆಗೆ ಎಣಿಸಿ, ಅದರ ಕೆಳಗೆ 7 ಎಂದು ತಿರುಗಿ ಪೂರ್ವಕ್ಕೆ 12ರವರೆಗೆ. ಎತ್ತುಗಳು ಹೊಲದ ಅಂಚಿಗೆ ಹೋಗಿ ತಿರುಗಿ ಮರುಸಾಲು ಹಿಡಿಯುವ ಹಾಗೆ ಈ ಎಣಿಕೆ ಆಗ್ನೇಯ ಮೂಲೆಯ 36ರಲ್ಲಿ ಮುಗಿಯುತ್ತದೆ. 16ನೆಯ ಸೆಕ್ಷನ್ ಶಾಲೆಗೆ ಮೀಸಲು. ಅಳೆದದ್ದು 66 ಅಡಿಯ ಸರಪಳಿಯಿಂದ. ನಮ್ಮ ಹಳೆಯ ಕಂದಾಯ ಮೋಜಣಿಯ ಸರಪಳಿ ಅದರ ಅರ್ಧ, 33 ಅಡಿ. ಅದರ ಒಂದು ಚದರವೇ ರೈತರೆಲ್ಲ ಬಲ್ಲ ಗುಂಟೆ.

ಪೂರ್ವ-ಪಶ್ಚಿಮದ ಆ ಮೂಲ ಗೆರೆಯೇ ಇಂದಿನ ಎಯ್ಟ್ ಮೈಲ್ ರಸ್ತೆ. ಫಾರ್ಮಿಂಗ್ಟನ್ ಹಿಲ್ಸ್‌ನ ದಕ್ಷಿಣದ ಎಲ್ಲೆ ಅದು. ಉತ್ತರದ ಎಲ್ಲೆ ಫೋರ್ಟೀನ್ ಮೈಲ್ ರಸ್ತೆ. ಪೂರ್ವಕ್ಕೆ ಇಂಕ್‌ಸ್ಟರ್ ರಸ್ತೆ, ಪಶ್ಚಿಮಕ್ಕೆ ಹ್ಯಾಗರ್ಟಿ ರಸ್ತೆ. ನಡುವೆ ಮಿಡ್ಲ್‌ಬೆಲ್ಟ್, ಆರ್ಚರ್ಡ್ ಲೇಕ್, ಫಾರ್ಮಿಂಗ್ಟನ್, ಡ್ರೇಕ್, ಹಾಲ್‌ಸ್ಟೆಡ್ ರಸ್ತೆಗಳು ಹೆಚ್ಚುಕಡಿಮೆ ಮೈಲಿಗೊಂದರಂತೆ ಸಾಲಾಗಿ ನಿಂತಿವೆ. ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಬಿಡಲು ಈ ರಸ್ತೆಗಳಲ್ಲಿ ಕಾರು ಓಡಿಸುವವರು 200 ವರ್ಷ ಹಿಂದಿನ ಮೋಜಣಿದಾರರ ಸೆಕ್ಷನ್ ಗೆರೆಗಳ ಮೇಲೆಯೇ ಓಡಾಡುತ್ತಿರುತ್ತಾರೆ.

ನೆಲ ಮೊದಲು ಯಾರದಾಗಿತ್ತು ಎಂಬ ಪ್ರಶ್ನೆಗೆ ಕೌಂಟಿಯ ಪುಸ್ತಕಗಳಲ್ಲಿ ಉತ್ತರವಿಲ್ಲ. ಅದಿರುವುದು 1807ರ ನವೆಂಬರ್ 17ರ ಡೆಟ್ರಾಯಿಟ್ ಒಪ್ಪಂದದಲ್ಲಿ. ಒಡಾವ, ಒಜಿಬ್ವೆ, ವೈಯಾಂಡಾಟ್, ಪೊಟವಾಟಮಿ ಜನರು ಆಗ್ನೇಯ ಮಿಷಿಗನ್ನಿನ ನೆಲವನ್ನು ಅಮೆರಿಕ ಸರ್ಕಾರಕ್ಕೆ ಬಿಟ್ಟುಕೊಟ್ಟರೆಂದು ಅದು ಹೇಳುತ್ತದೆ. ಸರ್ಕಾರದ ಪರವಾಗಿ ಗವರ್ನರ್ ವಿಲಿಯಂ ಹಲ್ ಸಹಿ ಹಾಕಿದರು. ಕೌಂಟಿ ದಾಖಲೆಗಳಲ್ಲಿ ಒಡೆತನದ ಸರಪಳಿಯ ಮೊದಲ ಕೊಂಡಿ ‘ಅಮೆರಿಕ ಸಂಯುಕ್ತ ಸಂಸ್ಥಾನ’. ಅದಕ್ಕೂ ಹಿಂದಿನ ನೂರಾರು ವರ್ಷಗಳ ಬದುಕು ಆ ಒಂದು ಹೆಸರಿನಡಿ ಮುಚ್ಚಿಹೋಗಿದೆ. ಈ ಬಗೆಯ ಹುಡುಕಾಟದ ದೊಡ್ಡ ಕೊರತೆ ಇದು.

ಜನ ಬರುವುದು ತಡವಾದದ್ದಕ್ಕೂ ಒಂದು ಕಾಗದವೇ ಕಾರಣವಾಯಿತು. 1815ರಲ್ಲಿ ಸರ್ವೇಯರ್ ಜನರಲ್ ಎಡ್ವರ್ಡ್ ಟಿಫಿನ್ ಕೊಟ್ಟ ವರದಿ, ಮಿಷಿಗನ್ ಎಂದರೆ ಜೌಗು, ಮರಳು, ಬೇಸಾಯಕ್ಕೆ ಬಾರದ ಭೂಮಿ ಎಂದು ಬರೆದುಬಿಟ್ಟಿತು. 1812ರ ಯುದ್ಧದ ಸೈನಿಕರಿಗೆ ಇಲ್ಲಿ ಕೊಡಬೇಕೆಂದಿದ್ದ 20 ಲಕ್ಷ ಎಕರೆ ಇಲಿನಾಯ್, ಮಿಸೌರಿ ಕಡೆಗೆ ಹೋಯಿತು. ಡೆಟ್ರಾಯಿಟ್‌ನವರು 1818ರಲ್ಲಿ ಒಳನಾಡಿಗೆ ಹೋಗಿ ನೋಡಿದಾಗಲೇ ಒಳ್ಳೆಯ ನೆಲವಿದೆ ಎಂದು ಗೊತ್ತಾದದ್ದು. ಮರುವರ್ಷ ಜನವರಿಯಲ್ಲಿ ಗವರ್ನರ್ ಲೂಯಿಸ್ ಕ್ಯಾಸ್ ಓಕ್ಲೆಂಡ್ ಕೌಂಟಿಯನ್ನು ಘೋಷಿಸಿದರು. ಪಾಂಟಿಯಾಕ್ ಅದರ ಕೇಂದ್ರವಾಯಿತು. 1820ರ ಭೂ ಕಾಯ್ದೆ ಸಾಲದ ಮಾರಾಟ ನಿಲ್ಲಿಸಿ, ಎಕರೆಗೆ 1 ಡಾಲರ್ 25 ಸೆಂಟ್ ನಗದು, ಕನಿಷ್ಠ 80 ಎಕರೆ ಎಂದು ನಿಗದಿಮಾಡಿತು. ನೂರು ಡಾಲರ್ ಕೈಲಿದ್ದವನು ಡೆಟ್ರಾಯಿಟ್‌ನ ಭೂ ಕಚೇರಿಗೆ ಹೋಗಿ ಒಂದು ಹಿಡುವಳಿ ಬರೆಸಿಕೊಳ್ಳಬಹುದಿತ್ತು. 1825ರಲ್ಲಿ ಈರಿ ಕಾಲುವೆ ಪೂರ್ಣಗೊಂಡ ಮೇಲೆ ನ್ಯೂಯಾರ್ಕ್ ರಾಜ್ಯದ ಕುಟುಂಬಗಳು ದೋಣಿ, ಹಡಗು ಹತ್ತಿ ಬರತೊಡಗಿದವು. 1830ರಲ್ಲಿ ಮಿಷಿಗನ್ನಿನಲ್ಲಿ ಎಣಿಸಿದ್ದು 31,639 ಜನ, 1840ರಲ್ಲಿ 2,12,267.

ಆರ್ಥರ್ ಪವರ್ ಕಾಲುವೆಗೂ ಮೊದಲೇ ಬಂದವರು. ನ್ಯೂಯಾರ್ಕ್‌ನ ಒಂಟಾರಿಯೊ ಕೌಂಟಿಯ ಫಾರ್ಮಿಂಗ್ಟನ್ ಎಂಬ ಊರಿನ ಈ ಕ್ವೇಕರ್ ಪಂಥೀಯ 1824ರಲ್ಲಿ ಮಕ್ಕಳೊಡನೆ ಬಂದು ಇಲ್ಲಿ ಮರ ಕಡಿಯಲು ನಿಂತರು. ಸುತ್ತಲಿನವರು ಊರನ್ನು ಕ್ವೇಕರ್‌ಟೌನ್ ಎಂದರು. 1826ರಲ್ಲಿ ಅಂಚೆ ಕಚೇರಿ ಬಂದಾಗ ವೈದ್ಯ ಎಜೆಕಿಯಲ್ ವೆಬ್ ಅದರ ಮೊದಲ ಪೋಸ್ಟ್‌ಮಾಸ್ಟರ್. ಊರಿಗೆ ನಿಂತದ್ದು ಬಿಟ್ಟುಬಂದ ಊರಿನ ಹೆಸರು. ವಂಶ ಹುಡುಕುವವರಿಗೆ ಇದಕ್ಕಿಂತ ಒಳ್ಳೆಯ ಕೈಮರ ಸಿಗದು: ಹೊಸ ಊರಿನ ಹೆಸರು ಹಿಂದಿನ ನೆಲೆಯನ್ನು ತೋರಿಸುತ್ತದೆ. 1827ರಲ್ಲಿ ಫಾರ್ಮಿಂಗ್ಟನ್ ಟೌನ್‌ಶಿಪ್ ರಚನೆಯಾಯಿತು. ಮಧ್ಯದ ಹಳ್ಳಿ 1926ರಲ್ಲಿ ಫಾರ್ಮಿಂಗ್ಟನ್ ನಗರವಾಗಿ ಬೇರೆಯಾಯಿತು. ಅದರ ಸುತ್ತಲಿನ ಟೌನ್‌ಶಿಪ್ 1973ರಲ್ಲಿ ಫಾರ್ಮಿಂಗ್ಟನ್ ಹಿಲ್ಸ್ ನಗರವಾಯಿತು. 2020ರ ಗಣತಿಯಂತೆ ಅಲ್ಲಿ 83,986 ಜನ.

ಹುಡುಕಾಟ ಇಂದಿನಿಂದ ಹಿಂದಕ್ಕೆ ನಡೆಯಬೇಕು. ಪ್ರಸಿದ್ಧ ಪೂರ್ವಜನೊಬ್ಬನನ್ನು ಮೊದಲೇ ಆರಿಸಿಕೊಂಡು ಅವನಿಂದ ಕೆಳಗಿಳಿಯುವವರು ತಪ್ಪು ಮನೆಗೆ ಹೋಗಿ ಸೇರುವುದೇ ಹೆಚ್ಚು. ಪಾಂಟಿಯಾಕ್‌ನಲ್ಲಿರುವ ರಿಜಿಸ್ಟರ್ ಆಫ್ ಡೀಡ್ಸ್ ಕಚೇರಿ ನಮ್ಮ ಉಪನೋಂದಣಾಧಿಕಾರಿ ಕಚೇರಿಯಂಥದ್ದು. ಅಲ್ಲಿ ಎರಡು ಸೂಚಿ: ಕೊಟ್ಟವರದು ಒಂದು, ಕೊಂಡವರದು ಇನ್ನೊಂದು. ಕೊಂಡವನ ಹೆಸರು ಹಿಡಿದು ಪತ್ರ ತೆಗೆದರೆ ಕೊಟ್ಟವನು ಸಿಗುತ್ತಾನೆ. ಅವನು ಕೊಂಡ ಪತ್ರ ತೆಗೆದರೆ ಅವನ ಹಿಂದಿನವನು. ಬೆಂಗಳೂರಲ್ಲಿ ನಿವೇಶನ ಕೊಳ್ಳುವವರು ಇ.ಸಿ. ತೆಗೆಸಿ ಮೂಲಪತ್ರದವರೆಗೂ ಹೋಗುವ ರೀತಿಯೇ ಇದು. ವಕೀಲರು ಅಲ್ಲಿ ಋಣಭಾರ ಹುಡುಕುತ್ತಾರೆ, ವಂಶಾವಳಿಯ ಶೋಧಕರು ನೆಂಟಸ್ತನ ಹುಡುಕುತ್ತಾರೆ.

ಹೀಗೆ ಹಿಂದೆ ಸರಿದರೆ ಕೊನೆಗೆ ಸಿಗುವುದು ಪೇಟೆಂಟ್. ಸರ್ಕಾರ ಮೊದಲ ಹಿಡುವಳಿದಾರನಿಗೆ ಕೊಟ್ಟ ಹಕ್ಕುಪತ್ರ. ನಮ್ಮ ಸಾಗುವಳಿ ಚೀಟಿಗೆ ಹೋಲಿಸಬಹುದಾದ ಕಾಗದ, ಆದರೆ ಸಹಿ ಅಧ್ಯಕ್ಷನದು. 1833ರವರೆಗೆ ಅಮೆರಿಕದ ಅಧ್ಯಕ್ಷರು ಇವಕ್ಕೆ ಖುದ್ದಾಗಿ ಸಹಿ ಹಾಕುತ್ತಿದ್ದರು. ರಾಶಿ ಮಿತಿಮೀರಿದ ಮೇಲೆ ಕಾರ್ಯದರ್ಶಿಯೊಬ್ಬರು ಅವರ ಪರವಾಗಿ ಹಾಕತೊಡಗಿದರು. 50 ಲಕ್ಷಕ್ಕೂ ಹೆಚ್ಚು ಇಂಥ ದಾಖಲೆಗಳನ್ನು ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್ ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿಟ್ಟಿದೆ. ಟೌನ್‌ಶಿಪ್, ರೇಂಜ್, ಸೆಕ್ಷನ್ ಕೊಟ್ಟರೆ ಆ ಸೆಕ್ಷನ್ನಿನ ಮೊದಲ ಒಡೆಯರು ಸಾಲಾಗಿ ಕಾಣುತ್ತಾರೆ. ಹೆಸರಿನ ಜೊತೆಗೆ ಪೇಟೆಂಟ್‌ನಲ್ಲಿ ಕೊಳ್ಳುವವನ ಊರು, ಕೌಂಟಿಯೂ ಇರುವುದುಂಟು. ಮಿಷಿಗನ್ನಿಗೆ ಬರುವ ಮೊದಲು ಅವನೆಲ್ಲಿದ್ದ ಎಂಬುದಕ್ಕೆ ಎಷ್ಟೋ ಸಲ ಅದೊಂದೇ ಆಧಾರ. ನಗದು ಕೊಟ್ಟು ಕೊಂಡವರ ಕಡತಗಳಲ್ಲಿ ಅದಕ್ಕಿಂತ ಹೆಚ್ಚೇನೂ ಸಿಗದು. 1862ರ ಹೋಮ್‌ಸ್ಟೆಡ್ ಕಾಯ್ದೆಯಡಿ ಪಶ್ಚಿಮದ ರಾಜ್ಯಗಳಲ್ಲಿ ನೆಲ ಪಡೆದವರ ಕಡತಗಳಲ್ಲಾದರೋ ಮನೆಯ ಅಳತೆ, ಬೆಳೆ, ಸಾಕ್ಷಿಗಳ ಹೇಳಿಕೆ ಎಲ್ಲ ಇರುತ್ತವೆ.

ಅಕ್ಕಪಕ್ಕದ ಹಿಡುವಳಿದಾರರ ಹೆಸರುಗಳನ್ನೂ ಬರೆದಿಟ್ಟುಕೊಳ್ಳುವುದು ಅನುಭವಿಗಳ ಪದ್ಧತಿ. ಕಾಡಿಗೆ ಒಂಟಿಯಾಗಿ ಬಂದವರು ಕಡಿಮೆ. ಅಣ್ಣತಮ್ಮಂದಿರು, ಭಾವಮೈದುನರು, ಒಂದೇ ಪ್ರಾರ್ಥನಾ ಸಭೆಯವರು ಪಕ್ಕಪಕ್ಕದ ಸೆಕ್ಷನ್‌ಗಳಲ್ಲಿ ನೆಲ ಹಿಡಿದರು. ಎರಡು ಹೊಲ ಆಚೆಗಿನ ಬೇರೆ ಮನೆತನದ ಹೆಸರು ಹೆಂಡತಿಯ ತವರಿನದೇ ಆಗಿರುವುದು ಸಾಮಾನ್ಯ.

ಹೆಂಡತಿಯ ಹೆಸರು ಸಿಗುವ ಬಗೆಯಂತೂ ಕೌಂಟಿ ದಾಖಲೆಗಳಲ್ಲೇ ಅತ್ಯಂತ ಅಮೂಲ್ಯವಾದ ಭಾಗ. ಗಂಡ ತೀರಿಕೊಂಡರೆ ಅವನ ಜಮೀನಿನ ಮೂರನೇ ಒಂದು ಪಾಲಿನ ಮೇಲೆ ವಿಧವೆಗೆ ಜೀವನಪರ್ಯಂತ ಹಕ್ಕಿತ್ತು. ಅದರ ಹೆಸರು ಡೋವರ್. ಗಂಡ ಬದುಕಿರುವಾಗ ಜಮೀನು ಮಾರಿದರೂ ಆ ಹಕ್ಕು ತಾನಾಗಿ ಅಳಿಯುತ್ತಿರಲಿಲ್ಲ. ಆದ್ದರಿಂದ ಕೊಳ್ಳುವವನು ಹೆಂಡತಿಯ ಸಹಿಯನ್ನೂ ಕೇಳುತ್ತಿದ್ದ. ಅಧಿಕಾರಿ ಗಂಡನನ್ನು ಹೊರಗಿಟ್ಟು ಆಕೆಯನ್ನು ಬೇರೆಯಾಗಿ ವಿಚಾರಿಸಿ, ಯಾರ ಒತ್ತಾಯವೂ ಇಲ್ಲದೆ ಒಪ್ಪಿದ್ದಾಳೆ ಎಂದು ಷರಾ ಬರೆಯುತ್ತಿದ್ದ. ಕಾಡು ಕಡಿದ ತಲೆಮಾರಿನ ಎಷ್ಟೋ ಹೆಣ್ಣುಮಕ್ಕಳು ಲಿಖಿತ ಚರಿತ್ರೆಯಲ್ಲಿ ಉಳಿದಿರುವುದು ಈ ಷರಾದಿಂದ ಮಾತ್ರ. ಗಣತಿಯಲ್ಲಿ ಅವರು ಹೆಸರಿಲ್ಲದ ಒಂದು ಅಂಕಿ. ತೆರಿಗೆ ಪಟ್ಟಿಯಲ್ಲಿ ಇಲ್ಲವೇ ಇಲ್ಲ. 1828ರಲ್ಲಿ ಒಂದು ಹೆಸರು, 1836ರಲ್ಲಿ ಇನ್ನೊಂದು ಹೆಸರು ಕಂಡರೆ ನಡುವೆ ಮೊದಲ ಹೆಂಡತಿ ತೀರಿಕೊಂಡಿರಬೇಕು, ಎರಡನೆಯ ಮದುವೆ ಆಗಿರಬೇಕು ಎಂಬ ಊಹೆಗೆ ದಾರಿ. ಮಕ್ಕಳಲ್ಲಿ ಯಾರು ಯಾವ ತಾಯಿಯವರು ಎಂಬುದು ಅಲ್ಲಿಂದ ಬಿಡಿಸಬೇಕಾದ ಗಂಟು. ಡೋವರ್ ಹಕ್ಕನ್ನು ಅಮೆರಿಕದ ರಾಜ್ಯಗಳು ಒಂದೊಂದಾಗಿ ಕೈಬಿಟ್ಟವು. ಮಿಷಿಗನ್ನಿನಲ್ಲಿ ಅದು 2017ರವರೆಗೂ ಇತ್ತು. ಅಲ್ಲಿಯವರೆಗೆ ಗಂಡನೊಬ್ಬನ ಹೆಸರಲ್ಲಿದ್ದ ಮನೆಯನ್ನು ಮಾರಿದ ಕನ್ನಡ ಕುಟುಂಬಗಳಲ್ಲೂ ಹೆಂಡತಿಯ ಸಹಿ ಬೀಳಬೇಕಿತ್ತು.

ಕ್ರಯಪತ್ರಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗುವುದು ಪ್ರೊಬೇಟ್ ನ್ಯಾಯಾಲಯದ ಕಟ್ಟುಗಳು. ಜಮೀನಿದ್ದವನು ಸತ್ತಾಗ ಉಯಿಲು ಇದ್ದರೂ ಇಲ್ಲದಿದ್ದರೂ ಆಸ್ತಿ ಈ ನ್ಯಾಯಾಲಯದ ಮೂಲಕ ಹಾದುಹೋಗಬೇಕಿತ್ತು. ಉಯಿಲು ಇಲ್ಲದ ಕಟ್ಟುಗಳೇ ಸಂಶೋಧಕರಿಗೆ ಹೆಚ್ಚು ಉಪಕಾರಿ: ಉಯಿಲಿನಲ್ಲಿ ತಂದೆ ತನಗೆ ಬೇಕಾದವರನ್ನಷ್ಟೇ ಹೆಸರಿಸಿರಬಹುದು, ಉಯಿಲಿಲ್ಲದಾಗ ನ್ಯಾಯಾಲಯ ವಾರಸುದಾರರನ್ನೆಲ್ಲ ಹೆಸರಿಸಲೇಬೇಕು. ಮದುವೆಯಾಗಿ ಇಲಿನಾಯ್‌ಗೆ ಹೋದ ಮಗಳು, ಅವಳ ಗಂಡನ ಹೆಸರು, ತಂದೆಗಿಂತ ಮೊದಲೇ ತೀರಿಕೊಂಡ ಮಗ, ಅವನ ಚಿಕ್ಕ ಮಕ್ಕಳು, ಆ ಮಕ್ಕಳಿಗೆ ನೇಮಿಸಿದ ಪೋಷಕ, ಎಲ್ಲರೂ ಒಂದೇ ಹಾಳೆಯಲ್ಲಿ ಸೇರುತ್ತಾರೆ. ನಮ್ಮ ಗ್ರಾಮ ಆಡಳಿತಾಧಿಕಾರಿಗಳು ಬರೆದುಕೊಡುವ ವಂಶವೃಕ್ಷಕ್ಕೆ ಇದು ಸಮ. ಜೊತೆಗೆ ಮನೆಯ ಸಾಮಾನಿನ ಪಟ್ಟಿ: ಒಂದು ಜೊತೆ ಎತ್ತು, ನೇಗಿಲು, ಕೊಡಲಿ, ಕಬ್ಬಿಣದ ಕಡಾಯಿ, ಹಾಸಿಗೆ. ಆಮೇಲೆ ಅಣ್ಣತಮ್ಮಂದಿರು ಅಕ್ಕತಂಗಿಯರು ತಂತಮ್ಮ ಪಾಲನ್ನು ಒಬ್ಬನಿಗೆ ಬಿಟ್ಟುಕೊಡುವ ಕ್ವಿಟ್‌ಕ್ಲೇಮ್ ಪತ್ರಗಳು ನೋಂದಣಿಯಾಗುತ್ತವೆ. ನಮ್ಮಲ್ಲಿ ಹಕ್ಕು ಬಿಡುಗಡೆ ಪತ್ರ ಎನ್ನುವುದೇ ಅದು. ಒಡಹುಟ್ಟಿದವರೆಲ್ಲ ಒಟ್ಟಿಗೆ ಸಹಿ ಹಾಕಿದ ಒಂದು ಪತ್ರ ಸಿಕ್ಕರೆ ಆ ತಲೆಮಾರಿನ ಬಹುಪಾಲು ಕೆಲಸ ಮುಗಿದಂತೆ.

ಜನಗಣತಿಯನ್ನು ಅನೇಕರು ಮೊದಲು ಹಿಡಿಯುತ್ತಾರೆ, ಸುಲಭವಾಗಿ ಸಿಗುತ್ತದೆಂದು. ಅದರ ಮಿತಿ ತಿಳಿದಿರಬೇಕು. 1790ರಿಂದ 1840ರವರೆಗೆ ಮನೆಯ ಯಜಮಾನನ ಹೆಸರೊಂದೇ. ಉಳಿದವರು ವಯಸ್ಸಿನ ಅಂಕಣಗಳಲ್ಲಿ ಅಂಕಿಗಳು. 1850ರಲ್ಲಿ ಮೊದಲ ಸಲ ಮನೆಯವರೆಲ್ಲರ ಹೆಸರು, ವಯಸ್ಸು, ಹುಟ್ಟಿದ ರಾಜ್ಯ ಬಂತು. ಯಜಮಾನನಿಗೆ ಏನಾಗಬೇಕು ಎಂಬ ಅಂಕಣ ಬಂದದ್ದು 1880ರಲ್ಲಿ. 1890ರ ಗಣತಿಯ ಬಹುಪಾಲು ವಾಷಿಂಗ್ಟನ್‌ನಲ್ಲಿ 1921ರ ಬೆಂಕಿಗೆ ಸಿಕ್ಕಿ ಹಾಳಾಯಿತು. 72 ವರ್ಷ ಕಳೆದ ಮೇಲಷ್ಟೇ ಗಣತಿಯ ಹಾಳೆಗಳನ್ನು ಸಾರ್ವಜನಿಕರಿಗೆ ಬಿಡುತ್ತಾರೆ; 1950ರದು 2022ರ ಏಪ್ರಿಲ್‌ನಲ್ಲಿ ಹೊರಬಂತು.

ಸಂಬಂಧದ ಅಂಕಣ ಇಲ್ಲದ ಗಣತಿ ಎಷ್ಟು ದಾರಿ ತಪ್ಪಿಸಬಲ್ಲದು ಎಂಬುದಕ್ಕೆ ಫಾರ್ಮಿಂಗ್ಟನ್‌ನಲ್ಲೇ ಉದಾಹರಣೆಯಿದೆ. 1905ರಿಂದ 1911ರವರೆಗೆ ಮಿಷಿಗನ್ ಗವರ್ನರ್ ಆಗಿದ್ದ ಫ್ರೆಡ್ ವಾರ್ನರ್ ಈ ಊರಿನವರು. ಅವರ ಮನೆ ಈಗ ಊರಿನ ವಸ್ತುಸಂಗ್ರಹಾಲಯ. ತಂದೆ ಪಿ. ಡೀನ್ ವಾರ್ನರ್ ಊರಿನ ಹಿರಿಯ ವ್ಯಾಪಾರಿ. ಆದರೆ ಫ್ರೆಡ್ ಹುಟ್ಟಿದ್ದು 1865ರಲ್ಲಿ ಇಂಗ್ಲೆಂಡಿನಲ್ಲಿ. ಹೆತ್ತ ತಾಯಿ ತೀರಿಕೊಂಡ ಮೇಲೆ ವಾರ್ನರ್ ದಂಪತಿ ದತ್ತು ತೆಗೆದುಕೊಂಡ ಮಗು ಅದು. ಇದು ಪ್ರಸಿದ್ಧರ ಮನೆಯ ವಿಷಯವಾದ್ದರಿಂದ ತಿಳಿದಿದೆ. ಹೆಸರಾಗದ ಮನೆಗಳಲ್ಲಿ ಹೀಗೆ ಬಂದು ಸೇರಿದ ಅನಾಥ ಮಕ್ಕಳು, ಸತ್ತ ತಂಗಿಯ ಮಕ್ಕಳು, ಕೂಲಿಗೆ ನಿಂತ ಹುಡುಗರು 1850, 1860, 1870ರ ಗಣತಿ ಹಾಳೆಗಳಲ್ಲಿ ಸ್ವಂತ ಮಕ್ಕಳ ಸಾಲಿನಲ್ಲೇ ಕಾಣುತ್ತಾರೆ. ಪ್ರೊಬೇಟ್ ಕಟ್ಟನ್ನೋ ಪೋಷಕತ್ವದ ಆದೇಶವನ್ನೋ ಜೊತೆಗಿಟ್ಟು ನೋಡದೆ ವಂಶವೃಕ್ಷಕ್ಕೆ ಕೊಂಬೆ ಸೇರಿಸಬಾರದು.

ಮಿಷಿಗನ್ನಿನಲ್ಲಿ ಹುಟ್ಟು, ಸಾವು, ಮದುವೆಗಳನ್ನು ರಾಜ್ಯಮಟ್ಟದಲ್ಲಿ ನೋಂದಾಯಿಸುವ ಕಾನೂನು ಬಂದದ್ದು 1867ರಲ್ಲಿ. ಆರಂಭದಲ್ಲಿ ಹುಟ್ಟು-ಸಾವುಗಳ ವಿವರವನ್ನು ಟೌನ್‌ಶಿಪ್ ಅಧಿಕಾರಿ ವರ್ಷಕ್ಕೊಮ್ಮೆ ಮನೆಮನೆಗೆ ಹೋಗಿ ಕೇಳಿ ಬರೆದುಕೊಳ್ಳುತ್ತಿದ್ದ. ಅಷ್ಟರಲ್ಲಿ ಮನೆ ಬದಲಿಸಿದವರು, ಹುಟ್ಟಿ ಕೆಲವೇ ದಿನಗಳಲ್ಲಿ ತೀರಿಕೊಂಡ ಕೂಸುಗಳು ಬಿಟ್ಟುಹೋದವು. ಅದಕ್ಕೂ ಹಿಂದಿನ ನಲವತ್ತಮೂರು ವರ್ಷಗಳ ಹುಟ್ಟು-ಸಾವುಗಳಿಗೆ ಗೋರಿಕಲ್ಲು, ಚರ್ಚು, ಕುಟುಂಬದ ಬೈಬಲ್ಲುಗಳೇ ಗತಿ.

ಇಲ್ಲಿ ಫಾರ್ಮಿಂಗ್ಟನ್‌ನ ಭಾಗ್ಯ ಕ್ವೇಕರ್‌ಗಳು ಅದನ್ನು ಕಟ್ಟಿದ್ದು. ಪಾದ್ರಿಗಳಿಲ್ಲದ, ಮೌನ ಪ್ರಾರ್ಥನೆಯ ಈ ಪಂಥದವರು ತಮ್ಮ ಮಾಸಿಕ ಸಭೆಗಳ ನಡಾವಳಿಯನ್ನು ಬಹಳ ಶಿಸ್ತಿನಿಂದ ಬರೆದಿಡುತ್ತಿದ್ದರು. ಒಂದು ಕುಟುಂಬ ಊರು ಬಿಟ್ಟು ಹೊರಟರೆ ಹಳೆಯ ಸಭೆ ಹೊಸ ಸಭೆಗೆ ‘ಇವರು ನಮ್ಮವರು, ಒಳ್ಳೆಯ ನಡತೆಯವರು’ ಎಂಬ ವರ್ಗಾವಣೆ ಪತ್ರ ಕೊಡುತ್ತಿತ್ತು. ಕಳಿಸಿದ್ದು ಒಂದು ಪುಸ್ತಕದಲ್ಲಿ, ಸ್ವೀಕರಿಸಿದ್ದು ಇನ್ನೊಂದರಲ್ಲಿ. ಮದುವೆಯಲ್ಲಿ ಹಾಜರಿದ್ದವರೆಲ್ಲ ವಿವಾಹ ಪತ್ರಕ್ಕೆ ಸಾಕ್ಷಿ ಹಾಕುತ್ತಿದ್ದರು, ಹೆಣ್ಣುಮಕ್ಕಳೂ ಸೇರಿ. ವಾರ, ತಿಂಗಳುಗಳ ರೂಢಿಯ ಹೆಸರು ಅನ್ಯದೇವತೆಗಳದೆಂದು ಬಿಟ್ಟು ‘ಮೂರನೆಯ ತಿಂಗಳು’, ‘ಮೊದಲ ದಿನ’ ಎಂದೇ ಬರೆಯುತ್ತಿದ್ದರು. 1824ರ ಕಾಗದದಲ್ಲಿ ಮೂರನೆಯ ತಿಂಗಳೆಂದರೆ ಮಾರ್ಚ್. ಆದರೆ 1752ಕ್ಕೆ ಮೊದಲು ವರ್ಷ ಮಾರ್ಚಿನಲ್ಲಿ ಆರಂಭವಾಗುತ್ತಿದ್ದುದರಿಂದ ಆಗಿನ ಮೂರನೆಯ ತಿಂಗಳು ಮೇ. ಇದನ್ನು ಮರೆತರೆ ಮಗು ಮದುವೆಗೆ ಮೊದಲೇ ಹುಟ್ಟಿದಂತೆ ಕಂಡು ಯಾರದೋ ಮನೆತನದ ಮೇಲೆ ಸುಳ್ಳು ಕಳಂಕ ಬೀಳುತ್ತದೆ.

ಈ ನಡಾವಳಿಗಳ ಜಾಡು ಹಿಡಿದರೆ ಹಾದಿ ಪೂರ್ವಕ್ಕೆ ಸಾಗುತ್ತದೆ. ನ್ಯೂಯಾರ್ಕ್‌ನ ಫಾರ್ಮಿಂಗ್ಟನ್‌ಗೆ ಮೊದಲ ಕ್ವೇಕರ್ ಕುಟುಂಬಗಳು 1789ರ ಸುಮಾರಿಗೆ ಬಂದದ್ದು ಮ್ಯಾಸಚೂಸೆಟ್ಸ್‌ನ ಆ್ಯಡಮ್ಸ್ ಎಂಬ ಊರಿನಿಂದ. ಆ ರಾಜ್ಯದ ಊರುಗಳು 17ನೆಯ ಶತಮಾನದಿಂದಲೇ ಹುಟ್ಟು-ಸಾವಿನ ಪುಸ್ತಕ ಇಟ್ಟಿವೆ. ನಡುವಿನ ನ್ಯೂಯಾರ್ಕ್ ಕಾಲವೇ ತೊಡಕಿನದು. ಆ ರಾಜ್ಯ ಜನನ-ಮರಣ ನೋಂದಣಿಯನ್ನು ಗಟ್ಟಿಯಾಗಿ ಶುರುಮಾಡಿದ್ದು 1880ರ ಹೊತ್ತಿಗೆ; ಒಂಟಾರಿಯೊ ಕೌಂಟಿಯ ಕ್ರಯಪತ್ರ, ಉಯಿಲುಗಳನ್ನೇ ಮತ್ತೆ ಆಶ್ರಯಿಸಬೇಕು.

ಫಾರ್ಮಿಂಗ್ಟನ್‌ನ ಗಿಲ್ ರಸ್ತೆಯಲ್ಲಿ ಕ್ವೇಕರ್ ಸ್ಮಶಾನ ಈಗಲೂ ಇದೆ. 1832ರ ಜುಲೈಯಲ್ಲಿ ಬ್ಲ್ಯಾಕ್ ಹಾಕ್ ಯುದ್ಧಕ್ಕೆ ಸೈನಿಕರನ್ನು ಹೊತ್ತು ಹೊರಟಿದ್ದ ಹೆನ್ರಿ ಕ್ಲೇ ಎಂಬ ಹಬೆ ಹಡಗು ಡೆಟ್ರಾಯಿಟ್‌ಗೆ ಕಾಲರಾ ತಂದಿತು. ಆರ್ಥರ್ ಪವರ್ ಅವರ ಮಗ ನೇಥನ್ ಪವರ್ ಆ ಬೇಸಿಗೆಯಲ್ಲಿ ಹೆಂಡತಿಯನ್ನೂ ಮಗಳನ್ನೂ ಕಳೆದುಕೊಂಡರು. ಗುಲಾಮಗಿರಿಯನ್ನು ವಿರೋಧಿಸಿ ಹೆಸರಾದವರು ನೇಥನ್. ಅವರ ಹೆಂಡತಿ-ಮಗಳ ಸಾವನ್ನು ನೋಂದಾಯಿಸುವ ಸರ್ಕಾರಿ ಪುಸ್ತಕ ಆಗ ಇರಲೇ ಇಲ್ಲ. ಹಳೆಯ ಕ್ವೇಕರ್‌ಗಳು ಆಡಂಬರವೆಂದು ಗೋರಿಕಲ್ಲನ್ನೂ ಇಷ್ಟಪಡುತ್ತಿರಲಿಲ್ಲ. ಹೆಸರಿಲ್ಲದ ಗೋರಿಗಳು ಇಂಥ ಸ್ಮಶಾನಗಳಲ್ಲಿ ಸಾಮಾನ್ಯ.

ಹೆಸರುಗಳೂ ಎಲ್ಲೆಗಳೂ ಮೋಸ ಮಾಡುತ್ತವೆ. ಹಳೆಯ ಪತ್ರದಲ್ಲಿ ಸೀನಿಯರ್, ಜೂನಿಯರ್ ಎಂದಿದ್ದರೆ ತಂದೆ-ಮಗ ಎಂದೇ ಅರ್ಥವಲ್ಲ. ಒಂದೇ ಊರಲ್ಲಿ ಒಂದೇ ಹೆಸರಿನ ಹಿರಿಯ, ಕಿರಿಯ ಅಂತಷ್ಟೇ, ಸೋದರಮಾವ-ಅಳಿಯನೂ ಆಗಿರಬಹುದು. 1827ರಲ್ಲಿ ಫಾರ್ಮಿಂಗ್ಟನ್ ಟೌನ್‌ಶಿಪ್ ಆಮೇಲಿನದಕ್ಕಿಂತ ಬಹಳ ದೊಡ್ಡದಿತ್ತು. 1832ರಲ್ಲಿ ನೋವೈ ಎಂಬ ಟೌನ್‌ಶಿಪ್ ಅದರಿಂದ ಬೇರೆಯಾಯಿತು. 1830ರಲ್ಲಿ ಫಾರ್ಮಿಂಗ್ಟನ್‌ನವನು 1840ರಲ್ಲಿ ನೋವೈಯವನಾಗಿ ಕಂಡರೆ ಅವನು ಮನೆ ಬದಲಿಸಿದನೆಂದು ಹೇಳಲಾಗದು. ಎಲ್ಲೆ ಅವನನ್ನು ದಾಟಿ ಹೋಗಿರಬಹುದು. ಮುದ್ರಿತ ಪುಸ್ತಕಗಳ ವಿಷಯದಲ್ಲೂ ಎಚ್ಚರ ಬೇಕು. ಸ್ಯಾಮ್ಯುಯೆಲ್ ಡ್ಯೂರಂಟ್ 1877ರಲ್ಲಿ ಹೊರತಂದ ಓಕ್ಲೆಂಡ್ ಕೌಂಟಿಯ ಇತಿಹಾಸ ಮೊದಲ ತಲೆಮಾರಿನ ಹಿರಿಯರು ಇನ್ನೂ ಬದುಕಿದ್ದಾಗಲೇ ಬಂದ ಗ್ರಂಥ, ಬೆಲೆಯುಳ್ಳದ್ದು. ಆದರೆ ಆ ಕಾಲದ ಕೌಂಟಿ ಇತಿಹಾಸಗಳು ಚಂದಾದಾರರ ಹಣದಿಂದ ಅಚ್ಚಾದವು. ಕುಟುಂಬಗಳೇ ಹೇಳಿದ ಕುಟುಂಬ ಚರಿತ್ರೆ ಅವುಗಳಲ್ಲಿದೆ. ಹೆಸರು, ಇಸವಿ ಸುಳಿವಿಗೆ ಸಾಕು. ಸಾಕ್ಷ್ಯಕ್ಕೆ ಮೂಲ ಕಾಗದವೇ ಆಗಬೇಕು.

ಮೂಲ ಕಾಗದವೇ ಸುಟ್ಟುಹೋದರೆ? ಷಿಕಾಗೋ ಕಂಡದ್ದು ಅದನ್ನೇ. 1871ರ ಅಕ್ಟೋಬರ್‌ನ ಮಹಾ ಅಗ್ನಿಯಲ್ಲಿ ಕುಕ್ ಕೌಂಟಿಯ ನ್ಯಾಯಾಲಯ ಕಟ್ಟಡ ಉರಿದು, ಅಲ್ಲಿಯವರೆಗಿನ ಕ್ರಯಪತ್ರ, ಉಯಿಲು, ಮದುವೆ ಪುಸ್ತಕಗಳೆಲ್ಲ ಬೂದಿಯಾದವು. ಜಮೀನು ವ್ಯವಹಾರದ ಸಾರಾಂಶ ಬರೆದುಕೊಡುವ ಮೂರು ಖಾಸಗಿ ಸಂಸ್ಥೆಗಳು ತಮ್ಮ ಪುಸ್ತಕಗಳನ್ನು ಬೆಂಕಿಯಿಂದ ಉಳಿಸಿಕೊಂಡಿದ್ದವು. ಆ ಮೂರನ್ನೂ ಜೋಡಿಸಿ ನಗರದ ಒಡೆತನದ ಸರಪಳಿಯನ್ನು ಮತ್ತೆ ಕಟ್ಟಿದರು. 1872ರಲ್ಲಿ ಇಲಿನಾಯ್ ಶಾಸನಸಭೆ ಅದಕ್ಕೆ ಕಾನೂನಿನ ಬಲ ಕೊಟ್ಟಿತು. ನೆಲದ ಒಡೆತನ ಹೀಗೆ ಉಳಿಯಿತು. ಸುಟ್ಟ ಮದುವೆ ಪುಸ್ತಕಗಳಿಗೆ ಅಂಥ ನಕಲು ಇರಲಿಲ್ಲ. ಹಣದ ಬೆಲೆ ಇದ್ದ ಕಾಗದಕ್ಕೆ ಕಾವಲುಗಾರರಿದ್ದರು.

ನೆಲವಿಲ್ಲದವರನ್ನು ಬೇರೆ ಕಡೆ ಹುಡುಕಬೇಕು, ಅದೂ ನೋವಿನ ಕಾಗದಗಳಲ್ಲಿ. 1827ರ ಮಿಷಿಗನ್ ಪ್ರಾಂತ್ಯದ ಕಾಯ್ದೆ, ನೆಲೆಸಬಯಸುವ ಕಪ್ಪು ಜನರು ತಾವು ಸ್ವತಂತ್ರರೆಂಬ ಪ್ರಮಾಣಪತ್ರ ತೋರಿಸಿ ಕೌಂಟಿ ಗುಮಾಸ್ತನಲ್ಲಿ ಹೆಸರು ಬರೆಸಬೇಕು, 500 ಡಾಲರ್ ಜಾಮೀನು ಕೊಡಬೇಕು ಎಂದಿತು. ಐದು ಹಿಡುವಳಿ ಕೊಳ್ಳಬಹುದಾದ ಹಣ ಅದು. ಅವರನ್ನು ದೂರವಿಡಲೆಂದು ಬಂದ ಇಂಥ ಕಾನೂನಿನ ಕಾಗದಗಳೇ ಇಂದು ಅವರ ಮೊಮ್ಮಕ್ಕಳ ಮೊಮ್ಮಕ್ಕಳಿಗೆ ಆಧಾರ. ಮೂಲನಿವಾಸಿಗಳ ವಂಶ ಹುಡುಕಲು ಒಪ್ಪಂದದ ಹಣ ಹಂಚಿದ ಪಟ್ಟಿಗಳು, 1704ರಿಂದ ನಡೆದುಬಂದಿರುವ ಡೆಟ್ರಾಯಿಟ್‌ನ ಸೇಂಟ್ ಆ್ಯನ್ ಚರ್ಚಿನ ದೀಕ್ಷಾಸ್ನಾನ ಪುಸ್ತಕಗಳು ಇವೆ. 1908ರ ಹೊತ್ತಿಗೆ ಹೊರೇಸ್ ಡ್ಯೂರಂಟ್ ಎಂಬ ಅಧಿಕಾರಿ 1870ರ ಪಟ್ಟಿಯನ್ನು ಹಿಡಿದು ಒಡಾವ, ಒಜಿಬ್ವೆ ಕುಟುಂಬಗಳ ಸಂತತಿಯನ್ನು ದಾಖಲಿಸಿದರು. 1877ರ ಇತಿಹಾಸ ಬರೆದ ಡ್ಯೂರಂಟ್ ಬೇರೆ, ಇವರು ಬೇರೆ. ಇಬ್ಬರನ್ನು ಬೆರೆಸುವುದು ಹೊಸಬರು ಮಾಡುವ ತಪ್ಪು.

ಈಗ ಈ ಕೆಲಸದ ಬಹುಪಾಲು ಮನೆಯಲ್ಲೇ ಕುಳಿತು ಆಗುತ್ತದೆ. ಸಾಲ್ಟ್ ಲೇಕ್ ಸಿಟಿಯ ಫ್ಯಾಮಿಲಿಸರ್ಚ್ ಸಂಸ್ಥೆ 1938ರಿಂದ ಕೌಂಟಿ ಪುಸ್ತಕಗಳ ಮೈಕ್ರೊಫಿಲ್ಮ್ ತೆಗೆಯತೊಡಗಿ, 24 ಲಕ್ಷ ಸುರುಳಿಗಳ ಡಿಜಿಟಲೀಕರಣವನ್ನು 2021ರಲ್ಲಿ ಮುಗಿಸಿತು. 2024ರಿಂದ ಕೈಬರಹವನ್ನು ಯಂತ್ರವೇ ಓದಿ, ಭೂಪತ್ರ ಮತ್ತು ಪ್ರೊಬೇಟ್ ಪುಟಗಳ ಒಳಗಿರುವ ಪ್ರತಿ ಹೆಸರನ್ನೂ ಹುಡುಕಿಕೊಡುವ ಸೌಲಭ್ಯ ಬಂದಿದೆ. ಸೂಚಿಯಲ್ಲಿ ಇರುತ್ತಿದ್ದುದು ಮಾರುವವನ, ಕೊಳ್ಳುವವನ ಹೆಸರು ಮಾತ್ರ. ಸಾಕ್ಷಿ, ಪಕ್ಕದ ಹೊಲದವನು, ಬೆಲೆ ಕಟ್ಟಿದವನು, ಉಯಿಲಿನ ನಡುವೆ ಒಮ್ಮೆ ಬಂದುಹೋದ ಸೊಸೆ, ಇವರನ್ನೆಲ್ಲ ಈಗ ನೇರವಾಗಿ ಹುಡುಕಬಹುದು. ಇದು ಬಹಳ ದೊಡ್ಡ ಬದಲಾವಣೆ. ಆದರೂ ಡೆಟ್ರಾಯಿಟ್ ಸಾರ್ವಜನಿಕ ಗ್ರಂಥಾಲಯದ ಬರ್ಟನ್ ಸಂಗ್ರಹ, ಲ್ಯಾನ್ಸಿಂಗ್‌ನ ರಾಜ್ಯ ಪತ್ರಾಗಾರ, ಪಾಂಟಿಯಾಕ್‌ನ ಪೈನ್ ಗ್ರೋವ್‌ನಲ್ಲಿರುವ ಕೌಂಟಿ ಇತಿಹಾಸ ಸಂಘ, ಷಿಕಾಗೋದ ನ್ಯೂಬೆರಿ ಗ್ರಂಥಾಲಯಗಳ ಕಪಾಟುಗಳಲ್ಲಿ ಅಂತರ್ಜಾಲಕ್ಕೆ ಬಾರದ ಕಟ್ಟುಗಳು ಬೇಕಾದಷ್ಟಿವೆ.

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಈ ಕೆಲಸ ಮಾಡುತ್ತ ಬಂದವರು ಹೆಳವರು. ಎತ್ತಿನ ಮೇಲೆ ಬಂದು, ಮನೆಯ ಮುಂದೆ ನಿಂತು, ಆ ಮನೆತನ ಎಲ್ಲಿಂದ ಬಂತು, ಯಾರಿಗೆ ಯಾರು ಹುಟ್ಟಿದರು ಎಂದು ತಲೆಮಾರುಗಳನ್ನು ಹೇಳಿ, ಹೊಸದಾಗಿ ಹುಟ್ಟಿದವರನ್ನು ತಮ್ಮ ಹೊತ್ತಗೆಗೆ ಸೇರಿಸಿಕೊಂಡು ಕಾಳು-ಕಾಣಿಕೆ ಪಡೆದು ಹೋಗುತ್ತಾರೆ. ಕುಟುಂಬ ವಲಸೆ ಹೋದರೂ ಹುಡುಕಿಕೊಂಡು ಹೋಗುವುದು ಅವರ ರೂಢಿ. ಅಟ್ಲಾಂಟಿಕ್ ದಾಟಿದ ಒಕ್ಕಲುಗಳನ್ನು ಆ ಎತ್ತು ಮುಟ್ಟಲಾರದು.

1965ರ ವಲಸೆ ಕಾಯ್ದೆಯ ನಂತರ ವೈದ್ಯರಾಗಿ, ಮೋಟಾರು ಕಂಪನಿಗಳ ಎಂಜಿನಿಯರುಗಳಾಗಿ ಕನ್ನಡಿಗರು ಡೆಟ್ರಾಯಿಟ್ ಸುತ್ತಮುತ್ತ ನೆಲೆಸಿದರು. ಅಲ್ಲಿ ಪಂಪ ಕನ್ನಡ ಕೂಟವಿದೆ; 2002ರ ‘ಅಕ್ಕ’ ವಿಶ್ವ ಕನ್ನಡ ಸಮ್ಮೇಳನ ನಡೆದದ್ದೂ ಡೆಟ್ರಾಯಿಟ್‌ನಲ್ಲಿ. ಫಾರ್ಮಿಂಗ್ಟನ್ ಹಿಲ್ಸ್, ನೋವೈ, ಟ್ರಾಯ್‌ಗಳಲ್ಲಿ ಅವರು ಕೊಂಡ ಮನೆಗಳ ಪತ್ರಗಳು ಓಕ್ಲೆಂಡ್ ಕೌಂಟಿಯ ಅದೇ ಸರಣಿಗೆ ಸೇರಿವೆ, ಅದೇ ಟೌನ್‌ಶಿಪ್, ರೇಂಜ್, ಸೆಕ್ಷನ್ ಗುರುತಿನಡಿ. ನೂರು ವರ್ಷದ ಮೇಲೆ ಅವುಗಳನ್ನು ತೆರೆಯುವ ಮೊಮ್ಮಗಳಿಗೆ ಎದುರಾಗುವ ತೊಡಕು ಬೇರೆ ಬಗೆಯದು. ಕೌಂಟಿಯ ಸೂಚಿ ಕೊನೆಯ ಹೆಸರಿನ ಅಕಾರಾದಿಯಲ್ಲಿದೆ. ಕನ್ನಡಿಗರ ಕೊನೆಯ ಹೆಸರಾದರೋ ಪಾಸ್‌ಪೋರ್ಟ್ ಮಾಡಿಸಿದ ದಿನ ತೀರ್ಮಾನವಾದದ್ದು: ಅಣ್ಣನಿಗೆ ಊರಿನ ಹೆಸರು, ತಮ್ಮನಿಗೆ ತಂದೆಯ ಹೆಸರು, ತಂಗಿಗೆ ಗಂಡನ ಹೆಸರು. ತಂದೆಯ ಹೆಸರು ಮಗನ ಮನೆತನದ ಹೆಸರಾಗಿ, ಅದೇ ಮೊಮ್ಮಕ್ಕಳಿಗೂ ಮುಂದುವರಿದಿರುತ್ತದೆ. ಒಂದೇ ತಾಯಿಯ ಮಕ್ಕಳು ಮೂರು ಅಕ್ಷರಗಳಡಿ ಮೂರು ಕಡೆ ಚದುರಿರುತ್ತಾರೆ. ಅವರು ಒಡಹುಟ್ಟಿದವರೆಂದು ಹೇಳುವ ಹಕ್ಕು ಬಿಡುಗಡೆ ಪತ್ರ ಪಾಂಟಿಯಾಕ್‌ನಲ್ಲಿ ಇರುವುದಿಲ್ಲ. ಅದಿರುವುದು ತುಮಕೂರಿನದೋ ಶಿವಮೊಗ್ಗದ್ದೋ ಯಾವುದೋ ತಾಲ್ಲೂಕು ಕೇಂದ್ರದ ನೋಂದಣಿ ಕಚೇರಿಯಲ್ಲಿ, ತಂದೆಯ ಮೂರೆಕರೆ ತೋಟವನ್ನು ಊರಲ್ಲೇ ಉಳಿದ ತಮ್ಮನಿಗೆ ಬಿಟ್ಟುಕೊಟ್ಟ ದಿನದ ಕಾಗದದಲ್ಲಿ. ಅಲ್ಲಿ ಎಲ್ಲರ ಪೂರ್ತಿ ಹೆಸರು, ತಂದೆಯ ಹೆಸರು, ವಯಸ್ಸು, ವಾಸಸ್ಥಳ ಇರುತ್ತವೆ. ವಾಸಸ್ಥಳದ ಜಾಗದಲ್ಲಿ, ಕನ್ನಡ ಲಿಪಿಯಲ್ಲಿ, ಫಾರ್ಮಿಂಗ್ಟನ್ ಹಿಲ್ಸ್, ಮಿಷಿಗನ್ ರಾಜ್ಯ, ಅಮೆರಿಕ ಎಂದು ಬರೆದಿರುತ್ತದೆ.